ಆಸ್ಪತ್ರೆಯ ಬಾಗಿಲಿಗೆ ಮುನ್ನವೇ

ಕರ್ನಾಟಕದ ಯಾವ ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಬಲ್ಲವರಿಗಾದರೂ ಒಂದು ಮಾತು ಚಿರಪರಿಚಿತವಾದುದು. ಆಂಬುಲೆನ್ಸಿನಿಂದಲೋ, ಬಾಡಿಗೆಯ ಟೆಂಪೋದಿಂದಲೋ, ಇಬ್ಬರ ನಡುವೆ ಒರಗಿಸಿಕೊಂಡು ತಂದ ಮೋಟಾರು ಸೈಕಲ್ಲಿನಿಂದಲೋ ಇಳಿಸಿದ ರೋಗಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸುತ್ತಿರುವಾಗ, ಜೊತೆಗೆ ಬಂದವರಲ್ಲೊಬ್ಬರು, ಮೈಸೂರು ಸೀಮೆಯವರಾದರೆ ‘ಔಷ್ದಿ ಕುಡಿದ್ಬುಟ್ಟವ್ನೆ ಸಾರ್’ ಎಂದು, ಧಾರವಾಡದ ಕಡೆಯವರಾದರೆ ‘ಎಣ್ಣಿ ಕುಡದಾನ್ರೀ ಸಾಹೇಬ್ರ’ ಎಂದು, ತಗ್ಗಿದ ದನಿಯಲ್ಲಿ, ಅಪರಾಧವೊಂದನ್ನು ಒಪ್ಪಿಕೊಳ್ಳುವವರಂತೆ ಹೇಳುವ ಮಾತು ಅದು. ಅದಕ್ಕೆ ವೈದ್ಯರು ಮರುನುಡಿಯುವ ಮೊದಲನೆಯ ಪ್ರಶ್ನೆಯೂ ಎಲ್ಲ ಕಡೆಯಲ್ಲಿಯೂ ಒಂದೇ: ‘ಯಾವ ಔಷಧಿ? ಡಬ್ಬಿ ತಂದಿದ್ದೀರಾ?’ ಅವನೇಕೆ ಕುಡಿದ, ಮನೆಯಲ್ಲೇನಾಯಿತು, ಸಾಲವೆಷ್ಟಿತ್ತು ಎಂಬ ಪ್ರಶ್ನೆಗಳೆಲ್ಲ ಆಮೇಲಿನವು. ಏಕೆಂದರೆ ಆ ರಾತ್ರಿ ಆ ಜೀವ ಉಳಿಯುವುದೋ ಅಳಿಯುವುದೋ ಎಂಬುದು ರೋಗಿಯ ಮನಸ್ಸಿನ ವೇದನೆಯ ಆಳವನ್ನಾಗಲಿ, ಸಾಯಬೇಕೆಂಬ ಅವನ ಸಂಕಲ್ಪದ ದಾರ್ಢ್ಯವನ್ನಾಗಲಿ ಅವಲಂಬಿಸಿದ್ದುದಕ್ಕಿಂತ, ಆ ಡಬ್ಬಿಯೊಳಗೆ ಇದ್ದ ದ್ರವ್ಯವಾವುದೆಂಬುದನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ.

ಈ ಮಾತನ್ನು ಸಾವಧಾನವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಪ್ರಾಶನವೆಂಬುದು ಒಬ್ಬ ವ್ಯಕ್ತಿಯ ದೌರ್ಬಲ್ಯದ ಕಥೆಯೆಂದೂ, ಅದರ ಪರಿಹಾರವು ವೈದ್ಯನ ಕೌಶಲದಲ್ಲಿಯೋ ದೈವದ ಕರುಣೆಯಲ್ಲಿಯೋ ಇರುವುದೆಂದೂ ನಾವು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದೇವೆ. ಆಸ್ಪತ್ರೆಗಳು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡ ಸತ್ಯ ಬೇರೆ. ಯಾರು ಬದುಕುವರು, ಯಾರು ಸಾಯುವರು ಎಂಬುದರ ಬಹುಭಾಗವು ರೋಗಿ ಆಸ್ಪತ್ರೆಯ ಬಾಗಿಲನ್ನು ಮುಟ್ಟುವುದಕ್ಕೆ ಮುನ್ನವೇ, ಯಾವ ವಿಷವನ್ನು ಅಂಗಡಿಯಲ್ಲಿ ಮಾರಬಹುದು, ಯಾವುದನ್ನು ಮಾರಕೂಡದು ಎಂದು ನಿಶ್ಚಯಿಸುವ ಸರಕಾರದ ಕಡತದಲ್ಲಿ ನಿರ್ಣಯವಾಗಿಬಿಟ್ಟಿರುತ್ತದೆ.

ಬರುವವರು ಯಾರು?

ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ದಾಖಲಾಗುವ ವಿಷಪ್ರಾಶನದ ರೋಗಿಗಳ ಚಿತ್ರವು ಊರಿಂದೂರಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಬಹುಮಂದಿ ಹದಿಹರೆಯದ ಕೊನೆಯಿಂದ ನಾಲ್ವತ್ತರ ಒಳಗಿನವರು. ಅಂದರೆ ಮನೆಯ ದುಡಿಮೆಯನ್ನು ಹೊತ್ತವರು, ಚಿಕ್ಕ ಮಕ್ಕಳ ತಂದೆತಾಯಿಗಳು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು. ಬಹುಮಂದಿ ಹಳ್ಳಿಗಾಡಿನವರು, ಬೇಸಾಯಗಾರರು ಅಥವಾ ಕೂಲಿಗಾರರು. ಅವರು ಸೇವಿಸಿದ ವಸ್ತುವು ದೂರದಿಂದ ಹುಡುಕಿ ತಂದದ್ದಲ್ಲ; ಹೊಲಕ್ಕೆ ಸಿಂಪಡಿಸಿ ಉಳಿದು, ತೊಲೆಯ ಸಂದಿನಲ್ಲಿಯೋ ದನದ ಕೊಟ್ಟಿಗೆಯ ಗೂಡಿನಲ್ಲಿಯೋ ಮಂಚದ ಕೆಳಗಿನ ಚೀಲದಲ್ಲಿಯೋ ಇದ್ದದ್ದು. ಪಟ್ಟಣಗಳಲ್ಲಾದರೆ ಅದರ ಸ್ಥಾನವನ್ನು ಮಾತ್ರೆಗಳು, ನೆಲ ತೊಳೆಯುವ ದ್ರಾವಣಗಳು, ಇಲಿ ಪಾಷಾಣ ಆಕ್ರಮಿಸುವುವು.

ಇವರ ಸಂಕಲ್ಪದ ವಿಷಯವಾಗಿ ನಮ್ಮಲ್ಲಿ ನೆಲೆಗೊಂಡಿರುವ ಕಲ್ಪನೆಯು ಸತ್ಯಕ್ಕೆ ದೂರವಾದುದು. ಬಹುದಿನಗಳಿಂದ ಸಾವನ್ನೇ ಧ್ಯಾನಿಸಿ, ಎಲ್ಲವನ್ನೂ ಸಿದ್ಧಪಡಿಸಿಕೊಂಡು ಹೀಗೆ ಮಾಡಿದವರಿರಬಹುದೆಂದು ನಾವು ಊಹಿಸುತ್ತೇವೆ. ಅಂಥವರೂ ಉಂಟು, ಇಲ್ಲವೆನ್ನಲಾಗದು. ಆದರೆ ಶ್ರೀಲಂಕೆಯ ಗ್ರಾಮೀಣ ಆಸ್ಪತ್ರೆಗಳಲ್ಲಿ ಬದುಕಿ ಉಳಿದವರನ್ನು ವೈದ್ಯರು ಹಾಸಿಗೆಯ ಪಕ್ಕದಲ್ಲಿ ಕುಳಿತು ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ನಿರ್ಧಾರಕ್ಕೂ ಸೇವನೆಗೂ ನಡುವೆ ಅರ್ಧ ಗಂಟೆಯೂ ಕಳೆದಿರಲಿಲ್ಲವೆಂದು ತಿಳಿಸಿದರು. ಆ ವಸ್ತುವನ್ನೇ ಏಕೆ ಆರಿಸಿದಿರೆಂದರೆ ಅದು ಎದುರಿಗಿತ್ತೆಂಬುದೇ ಬಹುಮಂದಿಯ ಉತ್ತರವಾಗಿತ್ತು. ಗಂಡಹೆಂಡಿರ ಒಂದು ಜಗಳ, ಕುಡಿದ ಅಮಲು, ಮಾವನ ಒಂದು ಬಿರುನುಡಿ, ಸಾಲಗಾರನು ಬಾಗಿಲಲ್ಲಿ ನಿಂತು ನಾಲ್ಕು ಮಂದಿ ಕೇಳುವಂತೆ ಆಡಿದ ಮಾತು: ಇವುಗಳಿಂದ ಉಕ್ಕಿ ಬಂದ ಆವೇಗವು ಕೆಲವೇ ಗಳಿಗೆಗಳಲ್ಲಿ ಇಳಿದುಹೋಗುವಂಥದು. ಆಸ್ಪತ್ರೆಯಲ್ಲಿ ಪ್ರಜ್ಞೆ ಮರಳಿದ ಕೂಡಲೇ ‘ನನ್ನನ್ನು ಉಳಿಸಿ ಡಾಕ್ಟ್ರೇ, ಮಕ್ಕಳು ಚಿಕ್ಕವು’ ಎಂದು ಕೈಮುಗಿಯುವವರನ್ನು ಕಾಣದ ವೈದ್ಯರು ವಿರಳ. ಹಾಗೆ ಉಳಿದವರಲ್ಲಿ ಬಹುಪಾಲು ಜನ ಮುಂದೆ ತಮ್ಮ ಸಹಜಾಯುಷ್ಯವನ್ನೇ ಬಾಳುತ್ತಾರೆ. ಆ ಗಳಿಗೆಯನ್ನು ದಾಟಿಸಿದರೆ ಒಂದು ಬಾಳನ್ನೇ ದಾಟಿಸಿದಂತಾಗುವುದೆಂಬುದು ಇದರಿಂದ ಸಿದ್ಧವಾಗುತ್ತದೆ.

ದೇಹದೊಳಗೆ ನಡೆಯುವುದೇನು?

ನಮ್ಮ ಹಳ್ಳಿಗಳಿಂದ ಬರುವ ರೋಗಿಗಳಲ್ಲಿ ಬಹುಸಂಖ್ಯಾತರು ಸೇವಿಸಿರುವುದು ಆರ್ಗನೊಫಾಸ್ಫೇಟ್ ಎಂಬ ವರ್ಗದ ಕೀಟನಾಶಕಗಳನ್ನು. 1930ರ ದಶಕದಲ್ಲಿ ಗೆರ್ಹಾರ್ಡ್ ಶ್ರೇಡರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಬೆಳೆಯ ಹುಳುಗಳನ್ನು ಕೊಲ್ಲುವ ಮದ್ದನ್ನು ಅರಸುತ್ತಿದ್ದಾಗ ಈ ವರ್ಗದ ಪ್ರಬಲ ವಿಷಗಳು ಕಣ್ಣಿಗೆ ಬಿದ್ದವು. ಅವುಗಳಲ್ಲೊಂದು ಶಾಖೆಯು ಯುದ್ಧದ ನರವಿಷಗಳಾಗಿ ಸೈನ್ಯದ ಉಗ್ರಾಣವನ್ನು ಸೇರಿದರೆ, ಮತ್ತೊಂದು ಶಾಖೆಯು ಹಸಿರು ಕ್ರಾಂತಿಯೊಡನೆ ರೈತನ ಕೊಟ್ಟಿಗೆಯನ್ನು ಸೇರಿತು.

ನಮ್ಮ ನರವು ಸ್ನಾಯುವಿಗೂ ಗ್ರಂಥಿಗೂ ಆಜ್ಞೆಯನ್ನು ಕಳುಹಿಸುವುದು ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಮೂಲಕ. ಆಜ್ಞೆ ತಲುಪಿದ ಕ್ಷಣವೇ ಒಂದು ಕಿಣ್ವವು ಬಂದು ಆ ದ್ರವ್ಯವನ್ನು ಒಡೆದು ತೆರವುಮಾಡುತ್ತದೆ. ಗದ್ದೆಯಿಂದ ಹೆಚ್ಚಿನ ನೀರು ಹರಿದುಹೋಗುವ ಮಡೆಯನ್ನು ಯಾರಾದರೂ ಕೆಸರಿನಿಂದ ಮುಚ್ಚಿದರೆ, ಕಾಲುವೆಯ ನೀರು ಬರುತ್ತಲೇ ಇದ್ದು ಪೈರೆಲ್ಲ ಮುಳುಗುವಂತೆ, ಈ ವಿಷವು ಆ ಕಿಣ್ವವನ್ನು ಕಟ್ಟಿಹಾಕಿದೊಡನೆ ದೇಹದ ಆಜ್ಞೆಗಳೆಲ್ಲ ತಡೆಯಿಲ್ಲದೆ ಉಕ್ಕತೊಡಗುತ್ತವೆ. ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ, ಕಣ್ಣಿನ ಪಾಪೆಯು ಸೂಜಿಮೊನೆಯಷ್ಟು ಸಂಕುಚಿಸುತ್ತದೆ, ತೊಡೆಯ, ಎದೆಯ ಸ್ನಾಯುಗಳು ಚರ್ಮದಡಿಯಲ್ಲಿ ಹುಳು ಹರಿದಾಡಿದಂತೆ ಅದುರುತ್ತವೆ, ನಾಡಿ ಕುಗ್ಗುತ್ತದೆ. ಎಲ್ಲಕ್ಕಿಂತ ಭಯಂಕರವಾದುದೆಂದರೆ, ಶ್ವಾಸನಾಳಗಳೊಳಗೆ ಸ್ರಾವವು ತುಂಬಿಕೊಂಡು ರೋಗಿಯು ನೆಲದ ಮೇಲಿದ್ದುಕೊಂಡೇ ತನ್ನೊಳಗಿನ ದ್ರವದಲ್ಲಿ ಮುಳುಗತೊಡಗುವುದು.

ಇದಕ್ಕೆ ಪ್ರತಿಯಾಗಿ ಆಸ್ಪತ್ರೆಯಲ್ಲಿರುವ ಮುಖ್ಯ ಅಸ್ತ್ರವು ಅಟ್ರೋಪಿನ್. ಬೆಲಡೋನ ಎಂಬ ವಿಷಸಸ್ಯದಿಂದ ಮೊದಲು ಬೇರ್ಪಡಿಸಿದ, ನಮ್ಮ ಉಮ್ಮತ್ತದ ಸಾರಕ್ಕೆ ಹತ್ತಿರದ ನಂಟಿರುವ ವಸ್ತು ಅದು; ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಹಿರಿಯರ ನುಡಿಯು ಇಲ್ಲಿ ಅಕ್ಷರಶಃ ಆಚರಣೆಗೆ ಬರುತ್ತದೆ. ಆ ರಾತ್ರಿಯ ವಾರ್ಡನ್ನು ಹತ್ತಿರದಿಂದ ನೋಡಬೇಕು. ದಾದಿಯೊಬ್ಬಳು ರೋಗಿಯ ತೊಯ್ದ ಅಂಗಿಯನ್ನು ಕತ್ತರಿಸಿ ತೆಗೆದು ಮೈಯನ್ನು ಸಾಬೂನುನೀರಿನಿಂದ ತೊಳೆಯುತ್ತಾಳೆ, ಏಕೆಂದರೆ ವಿಷವು ಚರ್ಮದ ಮೂಲಕವೂ ಒಳಕ್ಕೆ ಇಳಿಯಬಲ್ಲದು. ಮತ್ತೊಬ್ಬಳು ಮೇಜಿನ ಬಳಿ ನಿಂತು ಪುಟ್ಟ ಗಾಜಿನ ಕೊಳವೆಗಳ ಕತ್ತನ್ನು ಒಂದೊಂದಾಗಿ ಮುರಿಯುತ್ತಿರುತ್ತಾಳೆ. ನಮ್ಮಲ್ಲಿ ದೊರೆಯುವ ಅಟ್ರೋಪಿನ್ನಿನ ಒಂದು ಆಂಪೂಲಿನಲ್ಲಿ ಇರುವುದು ಕೇವಲ 0.6 ಮಿಲಿಗ್ರಾಂ, ತೀವ್ರವಾಗಿ ವಿಷವೇರಿದವನಿಗೆ ಐದೈದು ನಿಮಿಷಕ್ಕೊಮ್ಮೆ ಹಿಂದಿನದರ ಎರಡರಷ್ಟನ್ನು ಕೊಡುತ್ತ ಹೋಗಬೇಕಾಗುವುದರಿಂದ, ಹತ್ತಾರು ಆಂಪೂಲುಗಳು ಒಂದು ಗಂಟೆಯೊಳಗೆ ಖರ್ಚಾಗುತ್ತವೆ. ಚಿಕ್ಕ ಆಸ್ಪತ್ರೆಗಳ ದಾಸ್ತಾನು ಒಬ್ಬನೇ ರೋಗಿಗೆ ಬರಿದಾಗುವುದೂ, ಸಂಬಂಧಿಕರು ಚೀಟಿ ಹಿಡಿದು ಅಪರಾತ್ರಿಯಲ್ಲಿ ಮೆಡಿಕಲ್ ಸ್ಟೋರಿನ ಬಾಗಿಲು ಬಡಿಯುವುದೂ ಉಂಟು. ವೈದ್ಯನು ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಗೊರಗೊರ ಸದ್ದು ಅಡಗಿತೇ ಎಂದು ಆಲಿಸುತ್ತಾನೆ, ಕಂಕುಳನ್ನು ಮುಟ್ಟಿ ಬೆವರು ಆರಿತೇ ಎಂದು ನೋಡುತ್ತಾನೆ, ನಾಡಿಯನ್ನು ಎಣಿಸುತ್ತಾನೆ. ಎದೆ ತಿಳಿಯಾಯಿತೆಂದರೆ ಮೊದಲನೆಯ ಗಂಡಾಂತರ ಕಳೆಯಿತು.

ಆದರೆ ಕಳೆದದ್ದು ಮೊದಲನೆಯದು ಮಾತ್ರ. ಔಷಧವು ಅಳತೆ ಮೀರಿದರೆ ರೋಗಿಯು ಬಡಬಡಿಸತೊಡಗಿ, ಇಲ್ಲದ ವಸ್ತುಗಳನ್ನು ಗಾಳಿಯಲ್ಲಿ ಹಿಡಿಯಲು ಕೈಚಾಚಿ, ಹೊದಿಕೆಯನ್ನು ಕಿತ್ತೆಸೆಯುವನು. ಅವನಿಗೆ ಹುಚ್ಚು ಹಿಡಿಯಿತೆಂದು ಮನೆಯವರು ಗಾಬರಿಪಡುವರು. ಅದು ಇಳಿದು ಅವನು ಮಾತನಾಡುತ್ತ, ಗಂಜಿ ಕುಡಿಯುವಷ್ಟು ಚೇತರಿಸಿಕೊಂಡ ಎರಡು ಮೂರನೆಯ ದಿನದಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಶ್ರೀಲಂಕೆಯ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬವರು 1987ರಲ್ಲಿ ಮೊತ್ತಮೊದಲು ವಿಶದವಾಗಿ ವರ್ಣಿಸಿದ ಈ ಅವಸ್ಥೆಯಲ್ಲಿ, ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ ಕತ್ತಿನ, ಭುಜದ, ಉಸಿರಾಟದ ಸ್ನಾಯುಗಳು ಸದ್ದಿಲ್ಲದೆ ಸೋಲುತ್ತವೆ. ಅದನ್ನು ಗುರುತಿಸುವ ಉಪಾಯ ಬಹಳ ಸರಳ. ಅನುಭವವುಳ್ಳ ವೈದ್ಯನು ಪ್ರತಿ ಸುತ್ತಿನಲ್ಲಿಯೂ ರೋಗಿಗೆ ‘ತಲೆ ಎತ್ತಪ್ಪ’ ಎಂದು ಹೇಳುತ್ತಾನೆ. ದಿಂಬಿನಿಂದ ತಲೆಯನ್ನೆತ್ತಿ ಹಿಡಿಯಲು ಅವನಿಗೆ ಆಗದಿದ್ದರೆ, ಮುಂದಿನ ಕೆಲವು ಗಂಟೆಗಳಲ್ಲಿ ಉಸಿರೂ ನಿಲ್ಲಬಹುದೆಂದರಿತು ವೆಂಟಿಲೇಟರನ್ನು ಸಿದ್ಧಪಡಿಸುತ್ತಾನೆ. ಯಂತ್ರವಿದ್ದು, ಅದನ್ನು ಹಗಲಿರುಳು ಕಾಯುವ ಜನರಿದ್ದರೆ, ಒಂದೆರಡು ವಾರಗಳಲ್ಲಿ ಆ ಸ್ನಾಯುಗಳು ಮತ್ತೆ ಬಲಗೊಂಡು ರೋಗಿ ಎದ್ದು ಮನೆಗೆ ನಡೆಯುವನು. ಯಂತ್ರವಿಲ್ಲದ ಕಡೆಯಲ್ಲಿ, ‘ಚೆನ್ನಾಗಿ ಮಾತಾಡ್ತಿದ್ದ, ಇದ್ದಕ್ಕಿದ್ದಂತೆ ಹೋಗ್ಬಿಟ್ಟ’ ಎಂಬ ಮಾತು ಮಾತ್ರ ಉಳಿಯುತ್ತದೆ.

ಒಂದೊಂದು ವಿಷಕ್ಕೂ ಒಂದೊಂದು ಗತಿ

ಒಂದೇ ವಾರ್ಡಿನಲ್ಲಿ, ಒಂದೇ ವೈದ್ಯರ ಕೈಯಲ್ಲಿ, ಒಂದೇ ಬಗೆಯ ಚಿಕಿತ್ಸೆ ಪಡೆದ ಇಬ್ಬರು ರೋಗಿಗಳ ಗತಿ ಬೇರೆಬೇರೆಯಾಗುವುದೇಕೆ? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಶ್ರೀಲಂಕೆಯ ಅನುರಾಧಪುರ, ಪೊಲೊನ್ನರುವ ಆಸ್ಪತ್ರೆಗಳಿಗೆ ಬಂದ 802 ರೋಗಿಗಳನ್ನು ಹಾಸಿಗೆಯಿಂದ ಹಾಸಿಗೆಗೆ ಅನುಸರಿಸಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿತು. ಅವರೆಲ್ಲ ಆರ್ಗನೊಫಾಸ್ಫೇಟ್ ವರ್ಗದ ಮೂರು ಕೀಟನಾಶಕಗಳಲ್ಲಿ ಯಾವುದಾದರೊಂದನ್ನು ಸೇವಿಸಿದವರು. ಒಂದನ್ನು ಸೇವಿಸಿದವರಲ್ಲಿ ನೂರಕ್ಕೆ 8 ಮಂದಿ ತೀರಿಕೊಂಡರೆ, ಮತ್ತೊಂದನ್ನು ಸೇವಿಸಿದವರಲ್ಲಿ ನೂರಕ್ಕೆ 23 ಮಂದಿ ತೀರಿಕೊಂಡರು. ಅಂಗಡಿಯ ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕೂರುವ ಎರಡು ಡಬ್ಬಿಗಳಿಗೆ ಇಷ್ಟು ಅಂತರ! ಕೈ ಯಾವ ಡಬ್ಬಿಯತ್ತ ಚಾಚಿತೆಂಬುದರಲ್ಲಿ ಸಂಕಲ್ಪದ ಪಾತ್ರವಿರಲಿಲ್ಲ. ಆ ವಾರ ಹೊಲಕ್ಕೆ ಯಾವುದನ್ನು ಕೊಂಡಿದ್ದರೋ ಅದರತ್ತ ಚಾಚಿತು.

ಬೇರೆ ವರ್ಗಗಳ ವಿಷಗಳು ಬೇರೆ ಬಗೆಯಲ್ಲಿ ವಂಚಿಸುತ್ತವೆ. ಕೆಲವು ಕಳೆನಾಶಕಗಳಿಗೆ ಇಂದಿಗೂ ಪ್ರತಿವಿಷವಿಲ್ಲ. ರೋಗಿಯು ಪೂರ್ಣ ಎಚ್ಚರದಲ್ಲಿದ್ದು, ಬದುಕಬೇಕೆಂದು ಬೇಡುತ್ತಿರುವಾಗಲೇ ಮೂತ್ರಪಿಂಡಗಳೂ ಶ್ವಾಸಕೋಶಗಳೂ ಕ್ರಮೇಣ ಕೈಬಿಡುವುದನ್ನು ವೈದ್ಯನು ನೋಡುತ್ತ ನಿಲ್ಲಬೇಕಾಗುತ್ತದೆ. ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ಸುಲಭವಾಗಿ ಸಿಕ್ಕುತ್ತಿದ್ದ ಹಳದಿ ರಂಜಕದ ಇಲಿ ಪಾಷಾಣದ ವಂಚನೆಯು ಇದಕ್ಕಿಂತ ಕುಟಿಲವಾದುದು. ಮೊದಲ ದಿನದ ವಾಂತಿ ನಿಂತ ಮೇಲೆ ರೋಗಿಯು ಆರೋಗ್ಯವಂತನಂತೆ ಕಾಣುವನು. ಗಂಡಾಂತರ ಕಳೆಯಿತೆಂದು ಮನೆಯವರು ಡಿಸ್ಚಾರ್ಜ್ ಬರೆಸಿಕೊಂಡು ಹೋಗುವರು. ಯಕೃತ್ತು ಸೋಲತೊಡಗುವುದು ಆಮೇಲಿನ ಕೆಲವು ದಿನಗಳಲ್ಲಿ. ಆದಕಾರಣ, ಚೆನ್ನಾಗಿಯೇ ಇದ್ದಾನಲ್ಲ ಎಂದು ಇಂಥ ರೋಗಿಯನ್ನು ವೈದ್ಯರ ಮಾತು ಮೀರಿ ಮನೆಗೆ ಕರೆದೊಯ್ಯುವುದು ಎಂದಿಗೂ ಸಲ್ಲದು.

ಸ್ವಂತ ಇಚ್ಛೆಯ ಲವಲೇಶವೂ ಇಲ್ಲದೆ ಈ ವಾರ್ಡಿಗೆ ಬರುವವರೂ ಇದ್ದಾರೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಆಳೆತ್ತರ ಬೆಳೆದ ಹತ್ತಿಯ ನಡುವೆ, ಮುಖಕ್ಕೆ ಮುಸುಕಿಲ್ಲದೆ, ಕೈಗೆ ಕವಚವಿಲ್ಲದೆ ಔಷಧಿ ಹೊಡೆಯುತ್ತಿದ್ದ ರೈತರೂ ಕೂಲಿಗಳೂ ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿ, ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ನಮ್ಮ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ನಡೆದುದನ್ನು ಕನ್ನಡಿಗರು ಮರೆತಿರಲಾರರು. ಮಾರಮ್ಮನ ಗುಡಿಯಲ್ಲಿ ಭಕ್ತಿಯಿಂದ ಕೈಯೊಡ್ಡಿ ಪಡೆದ ಪ್ರಸಾದದಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ನೂರಕ್ಕೂ ಮಿಕ್ಕ ಜನ ಅಸ್ವಸ್ಥರಾದರು. ಕಾಮಗೆರೆ, ಕೊಳ್ಳೇಗಾಲಗಳಿಂದ ಮೈಸೂರಿನ ವರೆಗಿನ ದಾರಿಯಲ್ಲಿ ಆಂಬುಲೆನ್ಸುಗಳು ಒಂದರ ಹಿಂದೊಂದು ಓಡಿದವು. ಒಂದೇ ರಾತ್ರಿಯಲ್ಲಿ ಅಷ್ಟು ವೆಂಟಿಲೇಟರುಗಳು ಒಂದು ಆಸ್ಪತ್ರೆಯಲ್ಲಿ ಇರುವುದು ಅಸಾಧ್ಯವಾದುದರಿಂದ ಮೈಸೂರಿನ ಹಲವು ಆಸ್ಪತ್ರೆಗಳು ರೋಗಿಗಳನ್ನು ಹಂಚಿಕೊಂಡವು. ಆದರೂ 17 ಮಂದಿ ಉಳಿಯಲಿಲ್ಲ. ಅದಕ್ಕೆ ಐದು ವರ್ಷ ಮುಂಚೆ, 2013ರ ಜುಲೈ ತಿಂಗಳಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳನ್ನು ಬಲಿತೆಗೆದುಕೊಂಡದ್ದೂ ಇದೇ ಮಾನೊಕ್ರೊಟೊಫಾಸ್.

ನೆರೆಯ ದ್ವೀಪದ ಪಾಠ

ಸುಳ್ವಾಡಿಯ ದುರಂತ ನಡೆಯುವ ವೇಳೆಗೆ ಶ್ರೀಲಂಕೆಯು ಮಾನೊಕ್ರೊಟೊಫಾಸನ್ನು ನಿಷೇಧಿಸಿ ಇಪ್ಪತ್ತು ವರ್ಷಗಳೇ ಮೀರಿದ್ದುವೆಂಬುದನ್ನು ಇಲ್ಲಿ ನೆನೆಯಲೇಬೇಕು. 1995ರಲ್ಲಿ ಆ ದೇಶದಲ್ಲಿ ಆತ್ಮಹತ್ಯೆಯ ಪ್ರಮಾಣವು ಲಕ್ಷಕ್ಕೆ 47ರ ಸುಮಾರಿನಲ್ಲಿದ್ದು, ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದೆನಿಸಿತ್ತು. ಅದರಲ್ಲಿ ಸಿಂಹಪಾಲು ಕೀಟನಾಶಕಗಳದು. ಅಲ್ಲಿನ ಸರಕಾರವು 1984ರಲ್ಲಿ ಪ್ಯಾರಥಯಾನ್ ಮತ್ತು ಮಿಥೈಲ್ ಪ್ಯಾರಥಯಾನ್‌ಗಳನ್ನು, 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಮೊದಲನೆಯ ದರ್ಜೆಗೆ ಸೇರಿದ ಉಳಿದ ಘೋರ ವಿಷಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು, 2008ರಿಂದ 2011ರ ವರೆಗೆ ಹಂತಹಂತವಾಗಿ ಇನ್ನೂ ಕೆಲವನ್ನು ಮಾರುಕಟ್ಟೆಯಿಂದ ತೆಗೆದುಹಾಕಿತು. 2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣವು ಲಕ್ಷಕ್ಕೆ 14ರ ಸುಮಾರಿಗೆ ಇಳಿದಿತ್ತು. ಗಮನಾರ್ಹವಾದುದೇನೆಂದರೆ, ನಿಷೇಧಗಳ ಆ ಮೊದಲ ವರ್ಷಗಳಲ್ಲಿ ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆಯು ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಬಂದವರಲ್ಲಿ ಸಾಯುವವರ ಸಂಖ್ಯೆ ಇಳಿಯಿತು. ಜನರ ದುಃಖ ಕಡಿಮೆಯಾಗಲಿಲ್ಲ, ಜಗಳಗಳು ನಿಲ್ಲಲಿಲ್ಲ, ಸಾಲ ತೀರಲಿಲ್ಲ; ಆದರೆ ಆವೇಗದ ಗಳಿಗೆಯಲ್ಲಿ ಕೈಗೆ ಸಿಕ್ಕಿದ ಡಬ್ಬಿಯು ಕೊಲ್ಲುವಷ್ಟು ಉಗ್ರವಾಗಿರಲಿಲ್ಲ. ಇಂಥ ವಿಷಗಳಿಲ್ಲದೆ ಬೆಳೆ ಹಾಳಾಗುವುದೆಂಬ ಭೀತಿಯೂ ನಿರಾಧಾರವೆಂದು ಸಾಬೀತಾಯಿತು; ಭತ್ತವೇ ಮೊದಲಾದ ಬೆಳೆಗಳ ಇಳುವರಿಯು ನಿಷೇಧದ ಫಲವಾಗಿ ಕುಗ್ಗಲಿಲ್ಲವೆಂದು ಅಲ್ಲಿನ ಅಂಕಿಅಂಶಗಳು ತೋರಿಸಿಕೊಟ್ಟವು.

ನಿಷೇಧಕ್ಕಿಂತ ಸೌಮ್ಯವಾದ ಮತ್ತೊಂದು ಮಾರ್ಗವೂ ಅಲ್ಲಿ ಪರೀಕ್ಷೆಗೊಳಗಾಯಿತು. ಪ್ರತಿಯೊಂದು ಮನೆಗೂ ಬೀಗ ಹಾಕಬಹುದಾದ ಪೆಟ್ಟಿಗೆಯೊಂದನ್ನು ಕೊಟ್ಟು, ಕೀಟನಾಶಕವನ್ನು ಅದರಲ್ಲಿಡುವಂತೆ ತಿಳಿಹೇಳಿದರೆ ಸಾಲದೆ ಎಂಬ ವಾದವು ಕೇಳಲು ಸಮಂಜಸವಾಗಿಯೇ ಇದೆ. ಉತ್ತರ ಮಧ್ಯ ಪ್ರಾಂತದ 180 ಹಳ್ಳಿಗಳಲ್ಲಿ, 50,000ಕ್ಕೂ ಹೆಚ್ಚು ಮನೆಗಳನ್ನೊಳಗೊಂಡು, ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ ಕೊಟ್ಟು ಅರ್ಧ ಹಳ್ಳಿಗಳಿಗೆ ಕೊಡದೆ ನಡೆಸಿದ ವಿಶಾಲ ಪ್ರಯೋಗದ ಫಲಿತಾಂಶವು 2017ರಲ್ಲಿ ಹೊರಬಿತ್ತು. ಪೆಟ್ಟಿಗೆಗಳಿಂದ ವಿಷಪ್ರಾಶನ ಕಡಿಮೆಯಾಗಿರಲಿಲ್ಲ. ಅದರ ಅರ್ಥವು ಸ್ಪಷ್ಟವಾಗಿದೆ: ಘೋರ ವಿಷವನ್ನು ಮನೆಯೊಳಕ್ಕೆ ಬರಗೊಟ್ಟು, ಅದನ್ನು ಕಾಯುವ ಭಾರವನ್ನು ದಣಿದು ಬಂದ ರೈತನ ಮೇಲೆ ಹೊರಿಸುವ ವ್ಯವಸ್ಥೆಯು ರಕ್ಷಣೆಯೆನಿಸದು. ಪ್ರಭುತ್ವವು ತಾನು ಮಾಡಬೇಕಾದ ಕೆಲಸವನ್ನು ಬೀಗದ ಕೈಗೆ ಒಪ್ಪಿಸಿ ನುಣುಚಿಕೊಳ್ಳಲಾಗದು.

ಇದು ಕೃಷಿಪ್ರಧಾನ ದೇಶಗಳಿಗೆ ಮಾತ್ರ ಸಲ್ಲುವ ನಿಯಮವೂ ಅಲ್ಲ. ಬ್ರಿಟನ್ನಿನಲ್ಲಿ ವಿಷಪ್ರಾಶನದ ಮುಖ್ಯ ವಸ್ತುವು ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್. ಅಲ್ಲಿನ ಸರಕಾರ 1998ರಲ್ಲಿ ಒಂದು ಪೊಟ್ಟಣದಲ್ಲಿ ಔಷಧದಂಗಡಿಯಲ್ಲಾದರೆ 32, ಇತರ ಅಂಗಡಿಗಳಲ್ಲಾದರೆ 16 ಮಾತ್ರೆಗಳಿಗಿಂತ ಹೆಚ್ಚಿಗೆ ಮಾರಕೂಡದೆಂದು ಕಟ್ಟುಮಾಡಿತು. ಆಮೇಲಿನ ಹನ್ನೊಂದು ವರ್ಷಗಳಲ್ಲಿ ಆ ಮಾತ್ರೆಯಿಂದಾಗುವ ಸಾವುಗಳು ಶೇಕಡಾ 40ಕ್ಕೂ ಮಿಗಿಲಾಗಿ ಇಳಿದವು. ಇನ್ನಷ್ಟು ಬೇಕೆಂದವನು ಮತ್ತೊಂದು ಅಂಗಡಿಗೆ ಹೋಗಬಹುದಲ್ಲ ಎಂದು ತರ್ಕಿಸುವವರಿಗೆ ಆ ದೇಶದ ಅನುಭವವೇ ಉತ್ತರ: ಬಹುಮಂದಿ ಹೋಗಲಿಲ್ಲ, ಹೋಗುವಷ್ಟರಲ್ಲಿ ಗಳಿಗೆ ಕಳೆದಿತ್ತು.

ನಮ್ಮ ಕಾನೂನಿನ ದಾರಿ

ಭಾರತದ ಕೀಟನಾಶಕ ಕಾನೂನು ಹುಟ್ಟಿದ್ದೇ ಒಂದು ಸಾಮೂಹಿಕ ವಿಷಪ್ರಾಶನದಿಂದ. 1958ರಲ್ಲಿ ಹಡಗಿನಲ್ಲಿ ಬಂದ ಗೋಧಿಯ ಹಿಟ್ಟಿಗೆ ಜೊತೆಯಲ್ಲಿದ್ದ ಪ್ಯಾರಥಯಾನ್ ಸೋರಿ ಬೆರೆತು, ಕೇರಳದಲ್ಲಿ ಅದನ್ನು ಉಂಡ ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಅಧಿನಿಯಮವೂ 1971ರ ನಿಯಮಾವಳಿಯೂ ಬಂದವು. ಡಬ್ಬಿಯ ಮೇಲೆ ನಾವು ಕಾಣುವ ವರ್ಣತ್ರಿಕೋನವು ಆ ನಿಯಮಗಳ ಕೊಡುಗೆ: ಕೆಂಪು ಅತ್ಯುಗ್ರ ವಿಷದ, ಹಳದಿ ಉಗ್ರ ವಿಷದ, ನೀಲಿ ಮಧ್ಯಮದ, ಹಸಿರು ಅಲ್ಪ ವಿಷದ ಗುರುತು. ಆದರೆ ಗುರುತು ಹಾಕುವುದು ಬೇರೆ, ಮಾರದಂತೆ ತಡೆಯುವುದು ಬೇರೆ. ಕೆಂಪು ತ್ರಿಕೋನದ ಡಬ್ಬಿಗಳು ಅರ್ಧ ಶತಮಾನದ ಕಾಲ ನಮ್ಮ ಸಂತೆಯೂರುಗಳ ಗೊಬ್ಬರದಂಗಡಿಗಳಲ್ಲಿ ಯಾವ ತಡೆಯೂ ಇಲ್ಲದೆ ಮಾರಾಟವಾಗುತ್ತಲೇ ಬಂದವು. ಮಾನೊಕ್ರೊಟೊಫಾಸನ್ನು ತರಕಾರಿಗಳಿಗೆ ಬಳಸಕೂಡದೆಂದು 2005ರಲ್ಲಿ ಆಜ್ಞೆಯಾಯಿತಾದರೂ ಹತ್ತಿಗೆಂದು ಕೊಂಡ ಡಬ್ಬಿಯು ಮನೆಯಲ್ಲಿ ಇರುವುದನ್ನು ಆ ಆಜ್ಞೆ ತಡೆಯಲಿಲ್ಲ. 2018ರ ಆಜ್ಞೆಯೊಂದು 18 ಕೀಟನಾಶಕಗಳನ್ನು ಎರಡು ಹಂತಗಳಲ್ಲಿ ನಿಷೇಧಿಸಿತು. 2023ರಲ್ಲಿ ಮಾನೊಕ್ರೊಟೊಫಾಸಿನ ಅತ್ಯಂತ ಪ್ರಚಲಿತ ದ್ರಾವಣದ ಸರದಿಯೂ ಬಂದಿತು. ಇವು ಸ್ವಾಗತಾರ್ಹ ಕ್ರಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆರೆಯ ದ್ವೀಪವು 1995ರಲ್ಲಿ ಮಾಡಿದ್ದನ್ನು ನಾವು 2023ರಲ್ಲಿ ಮಾಡಿದೆವು. ನಡುವಣ 28 ವರ್ಷಗಳಲ್ಲಿ ಎಷ್ಟು ವಾರ್ಡುಗಳಲ್ಲಿ ಎಷ್ಟು ಹಾಸಿಗೆಗಳು ಬರಿದಾದವೆಂಬುದನ್ನು ನೆನೆದರೆ ಮನಸ್ಸು ಕುದಿಯುತ್ತದೆ. 2022ರ ಒಂದೇ ವರ್ಷದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಲೆಕ್ಕವಿಟ್ಟ 1,70,924 ಆತ್ಮಹತ್ಯೆಗಳಲ್ಲಿ ಸುಮಾರು ಕಾಲು ಭಾಗ ವಿಷದಿಂದಾದವು. ಪ್ರತಿವಿಷವೇ ಇಲ್ಲದ ಕಳೆನಾಶಕಗಳು ಇನ್ನೂ ಮಾರಾಟದಲ್ಲಿವೆ. ವೈದ್ಯರ ಕೈಕಟ್ಟುವ ದ್ರವ್ಯಗಳನ್ನು ಮೊದಲು ತೆಗೆದುಹಾಕಬೇಕೆಂಬ ತತ್ತ್ವವು ಕೀಟನಾಶಕ ನೋಂದಣಿಯ ಕಡತಗಳಲ್ಲಿ ಪ್ರಥಮ ಸ್ಥಾನವನ್ನು ಪಡೆಯತಕ್ಕದ್ದು.

ಉಳಿದವರ ಪಾಲಿಗೆ

ಕಾನೂನು ಮತ್ತೊಂದು ವಿಷಯದಲ್ಲಿ ಮಾತ್ರ ಮಾನವೀಯವಾಗಿ ನಡೆದುಕೊಂಡಿದೆ. ಆತ್ಮಹತ್ಯೆಯ ಯತ್ನವನ್ನು ಶಿಕ್ಷಾರ್ಹವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 309ನೆಯ ಕಲಮಿನ ಭಯದಿಂದ ಎಷ್ಟೋ ಮನೆಯವರು ‘ಅರಿಯದೆ ಕುಡಿದ, ನೀರೆಂದು ತಿಳಿದ’ ಎಂದು ವೈದ್ಯರೆದುರು ಸುಳ್ಳಾಡುತ್ತಿದ್ದರು. ಕೆಲವರು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ತರಲೂ ಹಿಂಜರಿಯುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 115ನೆಯ ಕಲಮು, ಹೀಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದೆಂದೂ, ಅವನನ್ನು ದಂಡಿಸಕೂಡದೆಂದೂ, ಅವನ ಆರೈಕೆಯು ಸರಕಾರದ ಕರ್ತವ್ಯವೆಂದೂ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮಿಗೆ ಸ್ಥಾನವೇ ಇಲ್ಲ. ಆಸ್ಪತ್ರೆಯವರು ಮೆಡಿಕೋ ಲೀಗಲ್ ಕೇಸೆಂದು ಬರೆದುಕೊಂಡರೆ ಹೆದರಬೇಕಾದುದಿಲ್ಲ. ವೈದ್ಯರಲ್ಲಿ ನಿಜವನ್ನು ಹೇಳುವುದರಿಂದ ರೋಗಿಗೆ ಒಳಿತಲ್ಲದೆ ಕೇಡಿಲ್ಲ.

ಆದಾಗ್ಯೂ ಬಿಡುಗಡೆಯ ಚೀಟಿಯೊಂದಿಗೆ ಮನೆಗೆ ಹೋಗುವವನ ಪಾಡನ್ನು ವಿಚಾರಿಸುವವರು ಇಂದಿಗೂ ಕಡಿಮೆ. ಎದೆ ತಿಳಿಯಾಯಿತು, ತಲೆ ಎತ್ತಿದ, ಉಂಡ. ಇಷ್ಟಕ್ಕೆ ಚಿಕಿತ್ಸೆ ಮುಗಿಯಿತೆಂದರೆ ಅರ್ಧ ಕೆಲಸ ಉಳಿದಂತೆಯೇ. ಮನೋವೈದ್ಯರೊಬ್ಬರು ಅವನೊಡನೆ ಕುಳಿತು ಮಾತನಾಡಬೇಕು. ಕುಡಿತವಿದ್ದರೆ ಅದಕ್ಕೆ ಚಿಕಿತ್ಸೆಯಾಗಬೇಕು. ಸಾಲವಿದ್ದರೆ ಅದರ ದಾರಿ ಹುಡುಕಲು ನೆರವಾಗುವವರಿರಬೇಕು. ಮನೆಯವರು ‘ಮಾನ ಕಳೆದೆಯಲ್ಲೋ’ ಎಂದು ಹಂಗಿಸುವುದನ್ನು ಬಿಟ್ಟು ಜೊತೆಯಲ್ಲಿ ನಿಲ್ಲಬೇಕು. ಊರಿನ ಆಶಾ ಕಾರ್ಯಕರ್ತೆಯು ಬಾಣಂತಿಯ ಮನೆಗೆ ಹೋಗುವಂತೆ ಇವನ ಮನೆಗೂ ಹೋಗಿ ಬರುವಂತಾದರೆ, ಎರಡನೆಯ ಬಾರಿ ಸ್ಟ್ರೆಚರಿನ ಮೇಲೆ ಬರುವವರ ಸಂಖ್ಯೆ ಇಳಿಯುವುದೆಂಬುದು ನನ್ನ ದೃಢವಾದ ನಂಬಿಕೆ.

ಓದುಗರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಯಾರಾದರೂ ವಿಷ ಸೇವಿಸಿದ್ದು ತಿಳಿದುಬಂದಾಗ ಉಪ್ಪುನೀರು, ಸೋಪಿನ ನೀರು, ಸಗಣಿ ನೀರು, ಹುಣಿಸೆ ನೀರುಗಳನ್ನು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳ್ಳಿಗಳ ರೂಢಿ. ಅದು ಸದುದ್ದೇಶದಿಂದ ಆಗುವ ಕೇಡು. ಅರೆಪ್ರಜ್ಞೆಯಲ್ಲಿರುವವನ ವಾಂತಿಯು ಶ್ವಾಸಕೋಶಕ್ಕೆ ಇಳಿದು ಅದೇ ಪ್ರಾಣವನ್ನು ತೆಗೆಯುವುದುಂಟು. ಮಾಡತಕ್ಕದ್ದು ಇಷ್ಟೇ: ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುವುದು, ತೊಯ್ದ ಬಟ್ಟೆಯನ್ನು ತೆಗೆದು ಮೈಯನ್ನು ನೀರಿನಿಂದ ತೊಳೆಯುವುದು, ಬಾಯಿಗೆ ಏನನ್ನೂ ಹಾಕದಿರುವುದು, 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯುವುದು, ಮತ್ತು ಡಬ್ಬಿಯನ್ನು ಮರೆಯದೆ ಕೊಂಡೊಯ್ಯುವುದು. ದೆಹಲಿಯ ಏಮ್ಸ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು ವೈದ್ಯರಿಗೂ ಸಾರ್ವಜನಿಕರಿಗೂ 1800 116 117 ಎಂಬ ಸಂಖ್ಯೆಯಲ್ಲಿ ಸಲಹೆ ನೀಡುತ್ತದೆ. ಬಾಳು ಭಾರವೆನಿಸಿದವರು, ಅಂಥವರ ಮನೆಯವರು, 14416 ಎಂಬ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳೆನ್ನದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಹಣವಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ಮೊದಲಿನ ಮಾತನ್ನೇ ಒತ್ತಿ ಹೇಳಬೇಕಾಗುತ್ತದೆ. ಅಟ್ರೋಪಿನ್ನಿನ ದಾಸ್ತಾನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ತುಂಬಿರಲಿ, ವೆಂಟಿಲೇಟರುಗಳೂ ಅವನ್ನು ನಡೆಸಬಲ್ಲ ದಾದಿಯರೂ ಹೆಚ್ಚಲಿ. ಅವುಗಳಿಗಾಗಿ ನಾವು ಪ್ರತಿಯೊಬ್ಬ ಶಾಸಕನನ್ನೂ ಪೀಡಿಸೋಣ. ಆದರೆ ವಾರ್ಡಿನಲ್ಲಿ ಎಷ್ಟೇ ಕೌಶಲವಿದ್ದರೂ, ಉಗ್ರ ವಿಷವು ಒಳಸೇರಿದ ಮೇಲೆ ನೂರರಲ್ಲಿ ಹಲವರನ್ನು ಕಳೆದುಕೊಳ್ಳುವುದು ಅನಿವಾರ್ಯ. ಅಂಥ ವಿಷಕ್ಕೆ ಮಾರಾಟದ ಪರವಾನಗಿಯನ್ನೇ ನಿರಾಕರಿಸಿದ ದೇಶವು ಅದೇ ನೂರರಲ್ಲಿ ಬಹುಮಂದಿಯನ್ನು, ಯಾವ ಹೊಸ ಯಂತ್ರವೂ ಇಲ್ಲದೆ, ಬೆಳೆಯನ್ನೂ ಕಳೆದುಕೊಳ್ಳದೆ ಉಳಿಸಿಕೊಂಡುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಂಡ ಮೇಲೂ ತಡಮಾಡುವುದಕ್ಕೆ ನಮಗೆ ಯಾವ ಸಮರ್ಥನೆಯೂ ಇಲ್ಲ.